ಬಾವಿ ಕಡೆ ಗೋಡೆ

ನಮ್ಮ ಚಾಮುಂಡಿಪುರಂ ಮನೆ ಹಿತ್ತಲಲ್ಲಿ ಬಾವಿ ಇರೋದು ನಿಮಗೆಲ್ಲ ಗೊತ್ತೇ ಇದೆ. ನಲ್ಲೀಲಿ ಕಾವೇರಿ ಬರದ ದಿನ ನಿಮ್ಮಲ್ಲೇ ಎಷ್ಟೋ ಜನ ಬಿಂದಿಗೆ ಹಿಡ್ಕೊಂಡು ಬಂದಿದೀರಿ. ಅದಕ್ಕೇ ಇದನ್ನ ಹೇಳ್ಬೇಕು.

ಹೋದ ತಿಂಗಳು ಅಡುಗೆಮನೆ ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿತು. ನಮ್ಮೆಜಮಾನ್ರು ಔಷಧಿ ಹೊಡೆಯೋರನ್ನ ಕರೆಸಿದ್ರು. ಗೋಡೆ ಬುಡದುದ್ದಕ್ಕೂ ತೂತು ಕೊರೆದು, ಔಷಧಿ ತುಂಬಿ, ಸಿಮೆಂಟ್ ಮೆತ್ತೋದು. ಮುಂದಿನ ಗೋಡೆ ಮುಗಿಸಿ ಹಿತ್ತಲ ಕಡೆ ಬಂದ್ರು. ಊರಿಂದ ಬಂದಿದ್ದ ನಮ್ಮ ಅತ್ತಿಗೆ ಹುಣಸೆಹಣ್ಣು ಬಿಡಿಸ್ತಾ ಕೂತಿದ್ದೋರು ಎದ್ದು, "ಬಾವಿಗೆ ಎಷ್ಟು ದೂರ ಇದು?" ಅಂದ್ರು. ಅಳೆದ್ರೆ ಎಂಟು ಅಡೀನೂ ಇಲ್ಲ!

ಅತ್ತಿಗೆ ತವರು ಕಾಸರಗೋಡಿನ ಪೆರ್ಲದ ಹತ್ರ, ಎಣ್ಮಕಜೆ. ಅಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೂ ಗುಡ್ಡದ ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಸುರೀತಿದ್ರು. "ಬಾವಿ ಮುಚ್ಚಿಕೊಳ್ಳಿ ಅಂತಿದ್ರು. ತೆಂಗಿನ ಗರಿ ಹಾಕಿದ್ರೆ ಮದ್ದು ನಿಲ್ತದಾ? ಸುರಂಗ ಹೇಗೆ ಮುಚ್ಚುವುದು ಮಾರಾಯ್ತಿ?" ಸುರಂಗ ಅಂದ್ರೆ ಗುಡ್ಡಕ್ಕೆ ಅಡ್ಡ ಕೊರೆದ ಬಾವಿ ಕಣ್ರೀ, ನೀರು ತಾನೇ ಹರಿದು ಬರುತ್ತೆ. ಗುಡ್ಡದ ಮೇಲೆ ಬಿದ್ದಿದ್ದೆಲ್ಲ ಕೊಡಕ್ಕೇ. ಅಲ್ಲಿಯವರೇ ಆದ ಶ್ರೀ ಪಡ್ರೆ ಪತ್ರಿಕೆಗೆ ಬರೆದ್ರು. 2001ರಲ್ಲಿ ಪಡ್ರೆ ಹಳ್ಳಿಯ ನೀರಲ್ಲೂ ಜನರ ರಕ್ತದಲ್ಲೂ ಆ ವಿಷ ಸಿಕ್ತು. ಸುಪ್ರೀಂ ಕೋರ್ಟು ದೇಶಕ್ಕೇ ನಿಲ್ಲಿಸಿದ್ದು 2011ರಲ್ಲಿ. ಅಷ್ಟರಲ್ಲಿ ಎಷ್ಟು ಮಕ್ಕಳು!

ನಮ್ಮ ಡಬ್ಬ ತಿರುಗಿಸಿ ನೋಡಿದ್ರೆ ಕ್ಲೋರ್‌ಪೈರಿಫಾಸ್, ಹಳದಿ ಗುರುತು. ಕೆಂಪು ಬಿಟ್ರೆ ಜೋರು ವಿಷ ಅದೇ. ನೀಲಿ, ಹಸಿರು ಆಮೇಲೆ. ಹುಡುಗ "ಏನೂ ಆಗಲ್ಲ ಮೇಡಂ" ಅಂದ. ನಮ್ಮತ್ತೆ, "ಕುದಿಸಿ ಕುಡಿದ್ರಾಯ್ತು ಬಿಡೇ" ಅಂದ್ರು. ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಇದು ಹೋಗುತ್ತೆ ಅನ್ನೋ ಹಾಗಿಲ್ಲ. ನಾನೇನು ಕಮ್ಮಿ? ದೀಪಾವಳೀಲಿ ಗೇಟಿಗೆ ಬಣ್ಣ ಹೊಡೆದು ಬ್ರಷ್ ತೊಳೆದ ಥಿನ್ನರನ್ನ ಬಾವಿ ಕಟ್ಟೆ ಪಕ್ಕಾನೇ ಚೆಲ್ಲಿದ್ದೆ.

ಕೆಲಸ ನಿಲ್ಲಿಸಿದ್ವಿ. ಯಜಮಾನ್ರಿಗೂ ನನಗೂ ಅವತ್ತು ಜಗಳ, ಕೊಟ್ಟ ದುಡ್ಡು ವಾಪಸ್ ಬರಲಿಲ್ಲ. ಚೌಕಟ್ಟು ಕೀಳಿಸಿ ಕಲ್ಲಿಂದು ಹಾಕಿಸ್ತಿದೀವಿ. ಆದ್ರೆ ಬಾವಿ ಕಡೆ ಎರಡು ತೂತಿಗೆ ಆಗ್ಲೇ ಔಷಧಿ ಬಿದ್ದಿತ್ತು. ಅದೇ ನನ್ನ ಸಂಕಟ. ನೀರು ಪರೀಕ್ಷೆಗೆ ಕೊಟ್ಟಿದೀನಿ. ಮಾಮೂಲಿ ಪರೀಕ್ಷೇಲಿ ಗಡಸು, ಫ್ಲೋರೈಡು, ಕ್ರಿಮಿ ಇಷ್ಟೇ ನೋಡೋದು, ಕೀಟನಾಶಕ ನೋಡಿ ಅಂತ ಬೇರೆಯಾಗಿ ಕೇಳ್ಬೇಕು.

ರಿಪೋರ್ಟ್ ಬರೋವರೆಗೂ ರಾಟೆ ಹಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದೀನಿ. ಯಾರೂ ಬೇಜಾರು ಮಾಡ್ಕೋಬೇಡಿ. ನಲ್ಲಿ ಬಂದ ದಿನ ಎರಡು ಡ್ರಮ್ ಜಾಸ್ತಿ ಹಿಡಿದಿಟ್ಟಿರ್ತೀನಿ, ಬಿಂದಿಗೆ ಅಲ್ಲಿಗೇ ತನ್ನಿ.