ಮನೆಯ ಬೆಲೆ ಮತ್ತು ಮನೆಯವರ ಕಷ್ಟ

ಭಟ್ಕಳ ಸೀಮೆಯಲ್ಲಿ ಮನೆಯ ಬೆಲೆಯನ್ನು ಇಲ್ಲಿನ ಮಣ್ಣು, ಚಿರೆಕಲ್ಲು, ತೆಂಗಿನ ಮರಗಳಷ್ಟೇ ನಿರ್ಧರಿಸುವುದಿಲ್ಲ. ಸಮುದ್ರದಾಚೆಯ ದುಬೈ, ದೋಹಾ, ದಮ್ಮಾಮ್‌ಗಳ ಏರಿಳಿತವೂ ಅದರಲ್ಲಿ ಸೇರಿರುತ್ತದೆ. ಅಲ್ಲಿ ಕೆಲಸ ಜೋರಾಗಿದ್ದರೆ ತೆಂಗಿನಗುಂಡಿಯ ಹಿತ್ತಿಲಿಗೂ ಗುಂಟೆಯ ಲೆಕ್ಕದಲ್ಲಿ ಬೆಲೆ ಏರುತ್ತದೆ. ಅಲ್ಲಿ ಕೆಲಸ ನಿಂತರೆ ಇಲ್ಲಿ ಹೊಸ ಬಣ್ಣ ಬಳಿದ ಮನೆಯೂ ಮಾರಾಟಕ್ಕೆ ಬರುತ್ತದೆ.

2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೆಹ್ಮನ್ ಬ್ರದರ್ಸ್ ಬ್ಯಾಂಕು ದಿವಾಳಿಯಾದಾಗ ಆ ಹೆಸರು ನಮ್ಮೂರಿನಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ಆದರೆ ಅದರ ಪೆಟ್ಟು ನಮ್ಮ ಬಾಗಿಲಿಗೂ ಬಂತು. ಜುಲೈಯಲ್ಲಿ ಪೀಪಾಯಿಗೆ 147 ಡಾಲರ್ ಮುಟ್ಟಿದ್ದ ಕಚ್ಚಾತೈಲ ಡಿಸೆಂಬರಿನಲ್ಲಿ 40 ಡಾಲರಿಗಿಂತ ಕೆಳಗಿಳಿಯಿತು. ದುಬೈಯಲ್ಲಿ ಎಷ್ಟೋ ಕಟ್ಟಡಗಳ ಕೆಲಸ ಅರ್ಧಕ್ಕೆ ನಿಂತಿತು. 2009ರ ನವೆಂಬರಿನಲ್ಲಿ ‘ದುಬೈ ವರ್ಲ್ಡ್’ ಸಂಸ್ಥೆಯೇ ತನ್ನ ಸಾಲ ತೀರಿಸಲು ಕಾಲಾವಕಾಶ ಕೇಳಿತು. ವೀಸಾ ರದ್ದಾದವರಿಗೆ ದೇಶ ಬಿಡಲು ಆಗ ಇದ್ದ ಗಡುವು ಒಂದು ತಿಂಗಳು. ಸಾಲಕ್ಕೆ ಭದ್ರತೆಯಾಗಿ ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿದರೆ ಅದು ಜೈಲಿಗೆ ಕಳಿಸುವ ಅಪರಾಧ. ಆ ಕಾನೂನು ಸಡಿಲವಾದದ್ದು 2022ರ ಜನವರಿಯಲ್ಲಿ.

ಇಂಥದೊಂದು ಚೆಕ್ಕಿನ ದೆಸೆಯಿಂದ 2010ರ ಜನವರಿಯಲ್ಲಿ ತೆಂಗಿನಗುಂಡಿಯ ಒಂದು ಮನೆ ಮಾರಾಟಕ್ಕೆ ಬಂತು. ಹತ್ತು ವರ್ಷ ಬಾಡಿಗೆ ಮನೆಯಲ್ಲಿ ಕಳೆದ ನನ್ನ ಅಕ್ಕನ ಮಗ ಅದನ್ನು ನೋಡಲು ನನ್ನನ್ನೂ ಕರೆದುಕೊಂಡು ಹೋದ. ಅವನದು ಚಿಕ್ಕ ಬಟ್ಟೆ ಅಂಗಡಿ. ಬಡ್ಡಿಯ ಸಾಲ ಬೇಡವೆಂದು ಹಟ ಹಿಡಿದು ಕೂಡಿಟ್ಟ ಹಣ, ಹೆಂಡತಿಯ ಒಂದಿಷ್ಟು ಬಂಗಾರ, ಬಂಧುಗಳು ಕೊಡಲೊಪ್ಪಿದ ಕೈಗಡ, ಇಷ್ಟೇ ಅವನ ಬಲ.

ಮನೆಯವರು ಹೇಳಿದ ಬೆಲೆ 24 ಲಕ್ಷ. ದಲ್ಲಾಳಿ ನಮ್ಮನ್ನು ಪಕ್ಕಕ್ಕೆ ಕರೆದ. “ಸಾಹೇಬ್ರೆ, ಯಜಮಾನರು ದುಬೈಯಲ್ಲಿ ಸಿಕ್ಕಿಬಿದ್ದಿದ್ದಾರೆ. ತಿಂಗಳೊಳಗೆ ಹಣ ಕಟ್ಟದಿದ್ದರೆ ಜೈಲು. ನೀವು ಹದಿಮೂರು ಅನ್ನಿ, ಎರಡು ದಿನ ಸುಮ್ಮನಿರಿ. ಅವರೇ ಫೋನ್ ಮಾಡ್ತಾರೆ” ಎಂದ. ಹುಡುಗನ ಕಣ್ಣು ಅರಳಿದ್ದನ್ನು ನೋಡಿದೆ. ಬಟ್ಟೆ ಅಂಗಡಿಯವನಿಗೆ ಐದಾರು ಲಕ್ಷವೆಂದರೆ ಎಷ್ಟು ವರ್ಷಗಳ ಉಳಿತಾಯ ಎಂಬುದು ನನಗೂ ಗೊತ್ತಿತ್ತು.

ರಾತ್ರಿ ವಿಷಯ ಕೇಳಿದ ಅಕ್ಕ ಒಂದೇ ಮಾತು ಕೇಳಿದಳು: “ಬೇಟಾ, ಆ ಮನೆಯ ಹೆಂಗಸು ನಾಳೆ ಯಾರದಾದರೂ ಮದುವೆಯಲ್ಲಿ ಎದುರಾದರೆ ಸಲಾಂ ಹೇಳೋಕೆ ನಂಗೆ ಮುಖ ಇರುತ್ತಾ?”

“ಅಮ್ಮಾ, ಹಾಗಂತ ಇಪ್ಪತ್ನಾಲ್ಕು ಕೊಡಕ್ಕಾಗುತ್ತಾ?” ಎಂದ ಅವನು. ಅವನ ಮಾತೂ ನ್ಯಾಯವೇ. ಮಾರುಕಟ್ಟೆ ಇಳಿದಾಗ ಬೆಲೆ ಇಳಿಸಿ ಕೇಳುವುದರಲ್ಲಿ ಪಾಪವಿಲ್ಲ. ಹಿಂಜರಿತದಿಂದ ಇಳಿದ ಬೆಲೆ ಊರಿಗೆಲ್ಲ ಇಳಿದ ಬೆಲೆ. ಒಬ್ಬನ ಕುತ್ತಿಗೆಗೆ ಬಿದ್ದ ಕುಣಿಕೆ ನೋಡಿ ಅದಕ್ಕಿಂತಲೂ ಕೆಳಗೆ ಇಳಿಸುವುದು ಬೇರೆ. ಮೊದಲನೆಯದು ವ್ಯಾಪಾರ, ಎರಡನೆಯದು ಸುಲಿಗೆ.

ಮರುದಿನ ಕಾಗದ ಪೆನ್ನು ಹಿಡಿದು ಕುಳಿತೆವು. ಆ ಕೆಲವು ತಿಂಗಳಲ್ಲಿ ಅಕ್ಕಪಕ್ಕದಲ್ಲಿ ನಡೆದ ಮಾರಾಟಗಳನ್ನು ವಿಚಾರಿಸಿದಾಗ ಜಾಗಕ್ಕೆ 10 ಲಕ್ಷ ಬಂತು. ಕಟ್ಟಡಕ್ಕೆ, ಅದರ ವಯಸ್ಸು ಕಳೆದು, 9 ಲಕ್ಷ. ಸಮುದ್ರದ ಉಪ್ಪುಗಾಳಿಗೆ ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದು ಒಂದು ಕಡೆ ಗಾರೆ ಉದುರಿತ್ತು. ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪಾಗುತ್ತದೆ ಎಂದು ನೆರೆಯವರು ಹೇಳಿದರು. ಇವೆರಡಕ್ಕೆ ಒಂದು ಲಕ್ಷ ಕಳೆದೆವು. 18 ಲಕ್ಷ ಎಂದು ಕೇಳಿ, ಈ ಲೆಕ್ಕವನ್ನೂ ಅವರ ಮುಂದಿಟ್ಟೆವು. ಅಂದೇ ಒಂದು ಲಕ್ಷ ಮುಂಗಡ, ಉಳಿದದ್ದು ಹದಿನೈದು ದಿನದೊಳಗೆ ನೋಂದಣಿಯ ವೇಳೆ. ಮಕ್ಕಳ ಪರೀಕ್ಷೆ ಮುಗಿಯುವ ತನಕ ಅವರು ಬಾಡಿಗೆಯಿಲ್ಲದೆ ಅಲ್ಲೇ ಇರಬಹುದು. ಯಜಮಾನರ ಅಣ್ಣ ಲೆಕ್ಕವನ್ನು ಎರಡು ಸಲ ಓದಿ, “ಫಲ ಬಿಡುವ ಹನ್ನೊಂದು ತೆಂಗಿನ ಮರ ಇದೆಯಲ್ಲ” ಎಂದರು. ಹದಿನೆಂಟೂವರೆಗೆ ಮಾತು ಮುಗಿಯಿತು.

ಕಷ್ಟದಲ್ಲಿರುವವರಿಗೆ ಬೇಕಾದದ್ದು ಬರೀ ದೊಡ್ಡ ಮೊತ್ತವಲ್ಲ, ಹೇಳಿದ ದಿನ ಕೈಗೆ ಬರುವ ಮೊತ್ತ. ಜಾಣತನದ ಕೇಳಿಕೆ ಎಂದರೆ ಅದನ್ನು ಕೊಡಬಲ್ಲದ್ದು. ಅದಕ್ಕೆ ಕೊಳ್ಳುವವರ ಸಿದ್ಧತೆ ಬೇಕು. ಪಹಣಿ, ಋಣಭಾರ ಪ್ರಮಾಣಪತ್ರಗಳನ್ನು ಮೊದಲೇ ನೋಡಿರಬೇಕು. ಕಡಲ ಭರತರೇಖೆಯಿಂದ 500 ಮೀಟರ್ ಒಳಗಿನ ಜಾಗಕ್ಕೆ 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ಮುಂದೆ ಮನೆ ವಿಸ್ತರಿಸುವ ಆಸೆಯಿದ್ದವರು ಅದನ್ನು ತಿಳಿದಿರಬೇಕು. ಮಾರುವವರು ಪರದೇಶದಲ್ಲಿದ್ದರೆ ಮುಖತ್ಯಾರ ಪತ್ರ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣವಾಗಿ ಬರಬೇಕು. ಅನಿವಾಸಿಯಿಂದ ಕೊಂಡಾಗ ತೆರಿಗೆ ಕಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದೇ.

ಆ ಜಾಗ ತಂದೆಯ ಕಾಲದ್ದು. ಅಣ್ಣ ತನ್ನ ಪಾಲನ್ನು ಮೊದಲೇ ಬಿಟ್ಟುಕೊಟ್ಟಿದ್ದರು. ಇಬ್ಬರು ಸಹೋದರಿಯರ ಸಹಿ ಬಾಕಿಯಿತ್ತು. ಇಬ್ಬರೂ ತಕರಾರಿಲ್ಲದೆ ಭಟ್ಕಳದ ನೋಂದಣಿ ಕಚೇರಿಗೆ ಬಂದು ಸಹಿ ಮಾಡಿದರು. ತಮ್ಮನ ಮನೆ ಲೂಟಿಯಾಯಿತು ಎಂದು ಅವರಲ್ಲಿ ಒಬ್ಬರಿಗೆ ಅನ್ನಿಸಿದ್ದರೂ ಕೋರ್ಟು ಕಚೇರಿ ಎಂದು ಎಷ್ಟು ವರ್ಷ ಅಲೆಯಬೇಕಾಗುತ್ತಿತ್ತೋ! ಪತ್ರದಲ್ಲಿ ಪೂರ್ತಿ ಮೊತ್ತವನ್ನೇ ಕಾಣಿಸಿದೆವು.

ಪ್ರವಾದಿಯವರ(ಸ) ಅನುಚರರಾದ ಜರೀರ್ ಬಿನ್ ಅಬ್ದುಲ್ಲಾ(ರ) ಅವರ ಪ್ರಸಂಗವೊಂದಿದೆ. ಅವರ ಸೇವಕ 300 ದಿರ್ಹಮಿಗೆ ಒಂದು ಕುದುರೆಯ ಮಾತು ಮುಗಿಸಿ ಮಾರುವವನನ್ನು ಕರೆತಂದ. ಕುದುರೆ ನೋಡಿದ ಜರೀರ್, ಇದು ಅದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ತಾವೇ ಬೆಲೆ ಏರಿಸುತ್ತಾ ಹೋಗಿ ಕೊನೆಗೆ 800 ಕೊಟ್ಟರು. ಪ್ರತಿಯೊಬ್ಬ ಮುಸ್ಲಿಮನ ಹಿತವನ್ನೂ ಬಯಸುತ್ತೇನೆ ಎಂದು ಪ್ರವಾದಿಯವರಿಗೆ(ಸ) ಕೊಟ್ಟ ಮಾತು ಅದಕ್ಕೆ ಕಾರಣವೆಂದರು. ನಾವು ಜರೀರ್ ಅಲ್ಲ, ನಮ್ಮ ಜೇಬೂ ಅಷ್ಟು ದೊಡ್ಡದಲ್ಲ. ಆದರೆ ವಸ್ತುವಿನ ಬೆಲೆ ವಸ್ತುವಿನಲ್ಲಿದೆ, ಮಾರುವವನ ಅಸಹಾಯಕತೆಯಲ್ಲಿಲ್ಲ ಎಂಬಷ್ಟನ್ನು ಯಾರೂ ಪಾಲಿಸಬಹುದು.

ಆ ಮೇಲೂ ಇಂಥ ದಿನಗಳು ಬಂದಿವೆ. 2017ರ ಜುಲೈಯಿಂದ ಸೌದಿಯಲ್ಲಿ ಕುಟುಂಬದ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಿತ್ತು, 2020ರಲ್ಲಿ ಅದು 400 ಆಯಿತು. ಅದೇ ವರ್ಷ ಕೊರೋನಾ ಬಂತು. ಇದು ಗಲ್ಫಿನವರ ಕಥೆ ಮಾತ್ರವೂ ಅಲ್ಲ. ದೋಣಿಯ ಸಾಲ ತೀರದೆ, ಜೂನ್-ಜುಲೈಯ ನಿಷೇಧದ ದಿನಗಳಲ್ಲಿ ಕೈ ಖಾಲಿಯಾಗಿ, ಮನೆಯ ಪತ್ರ ಹಿಡಿದು ನಿಲ್ಲುವ ನಮ್ಮ ಬಂದರಿನ ಮೀನುಗಾರನ ಕಥೆಯೂ ಹೌದು. ಅವನ ಮನೆಗೆ ಬೆಲೆ ಕೇಳಲು ಹೋಗುವವರು ಗೋಡೆ ತಟ್ಟಿ ನೋಡಲಿ, ಬಾವಿಯ ನೀರು ಕುಡಿದು ನೋಡಲಿ, ಪತ್ರಗಳನ್ನು ನಾಲ್ಕು ಸಲ ಓದಲಿ. ಒಂದೊಂದು ದೋಷಕ್ಕೂ ಹಣ ಕಳೆಯಲಿ. ಅವನ ಕಷ್ಟಕ್ಕೆ ಮಾತ್ರ ಕಳೆಯದಿರಲಿ.