ಎಲೆ ಅಡಿಕೆ ಹಾಕುವಷ್ಟು ಹೊತ್ತು

ಹನಗೋಡಿನ ಸುತ್ತಮುತ್ತ ಹೊಗೆಸೊಪ್ಪು ಬೆಳೆಯುವವರಿಗೆ ಮುಂಗಾರು ಮಳೆ ಅಂದ್ರೆ ನಮ್ಮ ಆಫೀಸಿನ ರಿಲೀಸ್ ದಿನ ಇದ್ದ ಹಾಗೆ. ಹದ ಇರೋದು ನಾಲ್ಕೈದು ದಿನ. ಅಷ್ಟರಲ್ಲಿ ಉತ್ತು, ಸಾಲು ಹೊಡೆದು, ಸಸಿ ನೆಡಬೇಕು. ಬಾಡಿಗೆ ಟ್ರಾಕ್ಟರ್ ಎಲ್ಲರಿಗೂ ಅದೇ ದಿನವೇ ಬೇಕು. ಎರಡು ವರ್ಷ ನಮ್ಮ ಸರದಿ ಬರುವಷ್ಟರಲ್ಲಿ ಹದ ಆರಿಹೋಗಿತ್ತು. ಎತ್ತು ಮಾರಿ ಆಗಲೇ ಆರು ವರ್ಷ. "ಹೊಲಾನ ಗುತ್ತಿಗೆಗೆ ಕೊಟ್ಬುಡನಾ ಮಗಾ?" ಅಂತ ಅಪ್ಪ ಫೋನಲ್ಲಿ ಕೇಳಿದಾಗ, ಟ್ರಾಕ್ಟರ್ ತಗೊಳ್ಳೋದೇ ಸರಿ ಅನ್ನಿಸಿತು.

ಫ್ಲ್ಯಾಟಿನ ಇಎಂಐ ಕಟ್ಟುತ್ತಿರುವವನಿಗೆ ಹೊಸದು ಎಟುಕುವುದಿಲ್ಲ. ಪಿರಿಯಾಪಟ್ಟಣದ ಕಡೆ ಒಂದು ಹಳೇ ಗಾಡಿ ಇದೆ ಅಂತ ಗೊತ್ತಾಯ್ತು. 50 ಎಚ್‌ಪಿ ಮೇಲಿನದು, ಟರ್ಬೊ ಇರುವಂಥದ್ದು. "ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ಹೇಳಿದ್ದೆ. ತಣ್ಣಗಿರುವ ಎಂಜಿನ್ ಹೇಗೆ ಹಿಡಿಯುತ್ತೆ, ಎಂಥ ಹೊಗೆ ಬಿಡುತ್ತೆ ಅನ್ನೋದರಲ್ಲಿ ಅರ್ಧ ಜಾತಕ ಸಿಗುತ್ತದೆ. ಮೀಟರು 3,200 ಗಂಟೆ ತೋರಿಸುತ್ತಿತ್ತು. ಮೀಟರನ್ನು ಬದಲಾಯಿಸಬಹುದು, ಸವೆದ ಕ್ಲಚ್ ಪೆಡಲ್, ಹಿಂದಿನ ಲಿಂಕಿನ ಪಿನ್ನು ಸುಳ್ಳು ಹೇಳುವುದಿಲ್ಲ. ಹುಣಸೂರಿಂದ ಕರೆದೊಯ್ದಿದ್ದ ಮೆಕ್ಯಾನಿಕ್ ಆಯಿಲ್ ಮುಚ್ಚಳ ತೆಗೆದು ಹೊಗೆ ಉಗುಳುತ್ತಾ ಅಂತ ನೋಡಿದರು. ಆಮೇಲೆ ಟರ್ಬೊದ ಗಾಳಿ ಪೈಪು ಕಳಚಿ, ಒಳಗಿನ ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿದರು. ಪಕ್ಕಕ್ಕೆ ಒಂಚೂರು ಅಲ್ಲಾಡಬಹುದು, ಹಿಂದೆ ಮುಂದೆ ಜಗ್ಗಬಾರದು. ಜಗ್ಗಲಿಲ್ಲ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಹಾಗೇ ಇತ್ತು. ಸಾಲ ತೀರಿದ ಪತ್ರ ಕೈಗೆ ಬಂದ ಮೇಲೇ ದುಡ್ಡು ಕೊಟ್ಟೆವು.

ಟರ್ಬೊ ಅಂದ್ರೆ ದೊಡ್ಡ ಮಾಯವೇನಲ್ಲ. ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆಯೇ ಒಂದು ಚಕ್ರ ತಿರುಗಿಸುತ್ತದೆ; ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಜೋರಾಗಿ ದುಡಿಯುವಾಗ ಶಾಫ್ಟು ನಿಮಿಷಕ್ಕೆ ಲಕ್ಷ ಸುತ್ತು ದಾಟುವುದೂ ಉಂಟು. ಅದನ್ನು ಹೊತ್ತಿರುವುದು ತೆಳ್ಳನೆಯ ಆಯಿಲ್ ಪದರ. ರೋಟವೇಟರ್ ಹೊಡೆದು ಬಂದು ತಕ್ಷಣ ಕೀ ತಿರುಗಿಸಿದರೆ ಆಯಿಲ್ ಹರಿಯುವುದು ನಿಲ್ಲುತ್ತದೆ, ಕಾವು ಇಳಿದಿರುವುದಿಲ್ಲ. ಒಳಗೆ ಉಳಿದ ಆಯಿಲ್ ಸೀದು ಕರಿ ಕಟ್ಟುತ್ತದೆ. ಅದಕ್ಕೇ ಒಂದೆರಡು ನಿಮಿಷ ಐಡಲ್ ಬಿಡಬೇಕು.

ಇದನ್ನು ಅಪ್ಪನಿಗೆ ಹೇಗೆ ಹೇಳೋದು ಅಂತ ಯೋಚಿಸುತ್ತಿದ್ದೆ. ಅವರು ಪೂರ್ತಿ ಕೇಳಲೇ ಇಲ್ಲ. "ಉತ್ಬಂದ ಎತ್ಗೆ ತಕ್ಷಣ್ಕೆ ನೀರ್ ತೋರಿಸ್ತಿದ್ವಾ? ಸುಧಾರಿಸ್ಕೊಳ್ಳಕ್ ಬುಡ್ತಿದ್ವಲ್ಲ, ಅಂಗೆ ತಾನೇ?" ಅಂದರು. ಕಷ್ಟ ಇದ್ದದ್ದು ಗಾಡಿ ಓಡಿಸುವ ಪಕ್ಕದ ಮನೆ ಹುಡುಗನದು. ಫೋನ್ ಹೊಡೆದುಕೊಂಡರೆ ಸಾಕು, ಕೀ ತಿರುಗಿಸಿ ಜಿಗಿಯುತ್ತಿದ್ದ. ಏರ್ ಫಿಲ್ಟರನ್ನು ಚಕ್ರಕ್ಕೆ ಬಡಿದು ಧೂಳು ಕೊಡವುತ್ತಿದ್ದ. ಅದರ ಕಾಗದ ಹರಿದರೆ ನಮ್ಮ ಕೆಂಪು ಧೂಳು ಸೀದಾ ಟರ್ಬೊದ ರೆಕ್ಕೆಗೆ ಹೋಗುತ್ತೆ, ಉಪ್ಪುಕಾಗದದ ಥರ ಉಜ್ಜುತ್ತೆ. ಬೈದರೆ ನಾಳೆ ಬರುವುದಿಲ್ಲ. ಅಪ್ಪ ಬೈಯಲಿಲ್ಲ. ಗಾಡಿ ನಿಂತ ಕೂಡಲೇ ಬದುವಿನ ಮೇಲೆ ಕೂತು ಎಲೆ ಅಡಿಕೆ ಚೀಲ ಬಿಚ್ಚಿದರು. "ಇದು ಬಾಯಿಗೆ ಹೋಗೋಗಂಟ ಕೀ ಮುಟ್ಬ್ಯಾಡ ಕಣ್ಲಾ." ಅಷ್ಟೇ. ಈಗ ಅವನೇ, "ದೊಡ್ಡಪ್ಪ, ಚೀಲ ತೆಗೀರಿ" ಅಂತಾನೆ.

250 ಗಂಟೆಗೊಮ್ಮೆ ಆಯಿಲ್ ಬದಲಾಯಿಸಬೇಕು. ನನ್ನ ಲೆಕ್ಕ ಎಕ್ಸೆಲ್‌ನಲ್ಲಿದೆ, ಅಪ್ಪನದು ಗೋಡೆಯ ಕ್ಯಾಲೆಂಡರಿನಲ್ಲಿ. ಎರಡೂ ಹೊಂದದಿದ್ದಾಗ ಕ್ಯಾಲೆಂಡರೇ ಸರಿ ಇರುತ್ತೆ, ಯಾಕಂದ್ರೆ ಗಾಡಿ ಹತ್ತಿರ ಇರೋರು ಅವರು. ಹಳೇ ಗಾಡಿ ಕೊಳ್ಳುವಾಗ ಹಿಂದಿನವನ ಅಭ್ಯಾಸಕ್ಕೂ ಸೇರಿಸಿಯೇ ದುಡ್ಡು ಕೊಡುತ್ತೇವೆ. ಮುಂದಿನ ಅಭ್ಯಾಸವನ್ನು ಮಾತ್ರ ಬೆಂಗಳೂರಿಂದ ಟ್ರಾನ್ಸ್‌ಫರ್ ಮಾಡೋಕೆ ಆಗಲ್ಲ.

ಎರಡು ಹಂಗಾಮು ಕಳೆದವು. ಗುತ್ತಿಗೆಯ ಮಾತು ಮತ್ತೆ ಬಂದಿಲ್ಲ. ಆ ಹುಡುಗ ಮೈಸೂರಲ್ಲಿ ಕೆಲಸ ಹುಡುಕುತ್ತಿದ್ದಾನಂತೆ. ಅದಕ್ಕೇ ಈ ಸಲ ಮಳೆಗಾಲಕ್ಕೆ ಒಂದು ವಾರ ರಜೆ ಹಾಕಿದ್ದೇನೆ. ಸಾಲು ನೆಟ್ಟಗೆ ಹೊಡೆಯೋದು ನಾನೂ ಕಲೀಬೇಕು.