ಸೊಪ್ಪು ಸೋಸುವವರು ಯಾರು?

ಐವತ್ತು ದಾಟಿದವರಿಗೆ ಊಟದ ಬಟ್ಟಲಲ್ಲಿ ಪದಾರ್ಥ ಕಾಣುವುದಿಲ್ಲ, ಪೋಷಕಾಂಶ ಕಾಣುತ್ತದೆ. ಸಂಜೆ ಮಲ್ಪೆ ಕಡಲ ಕರೆಯಲ್ಲಿ ನಡೆಯಲು ಬರುವ ನಮ್ಮ ಪ್ರಾಯದವರ ಮಾತು ಕೇಳಬೇಕು. ಹಿಂದೆ ಯಾವ ಬೋಟಿಗೆ ಎಷ್ಟು ಬಂಗುಡೆ ಬಿತ್ತು ಎಂಬುದೇ ದೊಡ್ಡ ಸುದ್ದಿ. ಈಗ ಬಂಗುಡೆಯ ಸುದ್ದಿ ಬಿಟ್ಟು ಅದರ ಹೊಟ್ಟೆಯೊಳಗಿನ ಒಮೆಗಾ ತ್ರೀ ಸುದ್ದಿ. ಒಬ್ಬರ ಪಾಲಿಗೆ ಬಿ12, ಮತ್ತೊಬ್ಬರ ಪಾಲಿಗೆ ಡಿ3. ನನ್ನ ಪಾಲಿಗೆ ಬಂದದ್ದು ಕ್ಯಾರೊಟಿನಾಯ್ಡ್. ಕಣ್ಣಿನ ಡಾಕ್ಟರು ದೀಪ ಹಾಕಿ ನೋಡಿ, “ಸೊಪ್ಪು, ಹಳದಿ ಹಣ್ಣು ತಿನ್ನುತ್ತೀರೋ?” ಎಂದರು. ನಾನು ಯೋಚನೆ ಮಾಡುವಷ್ಟರಲ್ಲಿ ಅವರಿಗೆ ಉತ್ತರ ಗೊತ್ತಾಗಿ ಲ್ಯೂಟಿನ್ ಎಂಬ ಮಾತ್ರೆ ಬರೆದಾಗಿತ್ತು.

ಕ್ಯಾರೊಟಿನಾಯ್ಡ್ ಅಂದರೆ ಬೇರೇನಲ್ಲ, ಬಣ್ಣ. ಹಣ್ಣು, ಸೊಪ್ಪು, ಗಡ್ಡೆಗಳ ಹಳದಿ, ಕಿತ್ತಳೆ, ಕೆಂಪು. ವಾಕೆನ್‌ರೋಡರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ 1831ರಲ್ಲಿ ಕ್ಯಾರೆಟ್‌ನಿಂದ ಒಂದು ಬಣ್ಣ ಬೇರ್ಪಡಿಸಿ ಅದಕ್ಕೆ ಕ್ಯಾರೊಟಿನ್ ಎಂದು ಹೆಸರಿಟ್ಟ. ಅದರ ರಚನೆ ಬಿಡಿಸಿ ತೋರಿಸಿದ ಪೌಲ್ ಕಾರರ್‌ಗೆ 1937ರಲ್ಲಿ ನೊಬೆಲ್ ಬಂತು. ಹೀಗೆ ಎಲ್ಲ ಕೀರ್ತಿಯೂ ಕ್ಯಾರೆಟ್‌ಗೆ ಹೋಯಿತು. ಆದರೆ ನಾನು ಹುಡುಗನಾಗಿದ್ದಾಗ ನಮ್ಮ ಮನೆಗೆ ಕ್ಯಾರೆಟ್ ಬರುತ್ತಿದ್ದುದು ನೆಂಟರು ಬಂದು ಪಲಾವ್ ಮಾಡಿದ ದಿನ ಮಾತ್ರ. ಅದು ಘಟ್ಟದ ಮೇಲಿನ ತರಕಾರಿ, ದುಡ್ಡು ಕೊಟ್ಟು ತರುವಂಥದ್ದು. ಉಳಿದ ದಿನಗಳ ಬಣ್ಣವೆಲ್ಲ ಹಿತ್ತಿಲಿನದು ಮತ್ತು ಕಡಲಿನದು.

ಬಚ್ಚಲಿನ ನೀರು ಹರಿಯುವಲ್ಲಿ ಬಸಳೆಯ ಚಪ್ಪರ, ಬಾವಿಕಟ್ಟೆಯ ಪಕ್ಕ ಕೆಂಪು ಹರಿವೆ, ಕೊಟ್ಟಿಗೆಯ ಮಾಡಿನ ಮೇಲೆ ಹಬ್ಬಿದ ಸಿಹಿಗುಂಬಳ, ಯಾರೂ ನೆಡದೆ ತಾನಾಗಿ ಎದ್ದು ನಿಂತ ಪಪ್ಪಾಯಿ. ಬೋಟು ಹೋಗುವ ಕಾಲದಲ್ಲಿ ಅಮ್ಮ ಬಸಳೆ ಕೊಯ್ದಳೆಂದರೆ ಸಿಗಡಿ ಬಂದಿದೆ ಎಂದೇ ಲೆಕ್ಕ. ಮಣ್ಣಿನ ಅಳಗೆಯಲ್ಲಿ ಬಸಳೆಯ ದಂಟು ಅರೆಬೆಂದಾಗ ಬೂದು ಬಣ್ಣದ ಹಸಿ ಸಿಗಡಿ ಬೀಳುತ್ತಿತ್ತು. ಮಕ್ಕಳಾದ ನಾವು ಬಗ್ಗಿ ನೋಡುತ್ತಿದ್ದೆವು. ಕಣ್ಣೆದುರೇ ಬೂದು ಹೋಗಿ ಕೆಂಪು ಬರುತ್ತಿತ್ತು, ಬಾಲ ಸುರುಟಿಕೊಳ್ಳುತ್ತಿತ್ತು. ಆ ಕೆಂಪು ಹೊರಗಿನಿಂದ ಬಂದದ್ದಲ್ಲವಂತೆ. ಅಸ್ಟಾಕ್ಸಾಂಥಿನ್ ಎಂಬ ಕ್ಯಾರೊಟಿನಾಯ್ಡ್ ಸಿಗಡಿಯೊಳಗೆ ಒಂದು ಪ್ರೊಟೀನಿನ ಹಿಡಿತದಲ್ಲಿ ಬೇರೆ ಬಣ್ಣ ತೋರಿಸುತ್ತ ಕೂತಿರುತ್ತದೆ. ಬಿಸಿ ತಾಗಿ ಪ್ರೊಟೀನು ಸಡಿಲವಾದ ಕೂಡಲೇ ತನ್ನ ನಿಜ ಬಣ್ಣ ತೋರಿಸುತ್ತದೆ. ಏಡಿಯದ್ದೂ ಇದೇ ಕಥೆ.

ಆಮೇಲೆ ಬ್ಯಾಡಗಿ ಮೆಣಸು ಹುರಿದು ತೆಂಗಿನಕಾಯಿಯ ಜತೆ ಅರೆದ ಮಸಾಲೆ. ಕೊನೆಗೆ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿಯ ಒಗ್ಗರಣೆ. ಸ್ವಲ್ಪ ಹೊತ್ತಿನಲ್ಲಿ ಅಳಗೆಯ ಅಂಚಿಗೆ ಕೆಂಪು ಎಣ್ಣೆಯ ಗೆರೆ ಏಳುತ್ತಿತ್ತು. ಕ್ಯಾರೊಟಿನಾಯ್ಡ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಡ. ಬೇಯಿಸಿದಾಗ ಎಲೆಯ ಕೋಶ ಒಡೆದು ಬಣ್ಣ ಹೊರಬರುತ್ತದೆ, ಕೊಬ್ಬಿನ ಅಂಶ ಅದನ್ನು ಮೈಗೆ ಹತ್ತಿಸುತ್ತದೆ. ಹಾಗಿದ್ದೂ ಪದಾರ್ಥದಲ್ಲಿರುವ 12 ಮೈಕ್ರೋಗ್ರಾಂ ಬೀಟಾ ಕ್ಯಾರೊಟಿನ್‌ಗೆ ದೇಹದಲ್ಲಿ ಹುಟ್ಟುವ ವಿಟಮಿನ್ ‘ಎ’ ಸುಮಾರು 1 ಮೈಕ್ರೋಗ್ರಾಂ ಎಂದು ಲೆಕ್ಕ. ಮೀನಿನ ಏಲಂನಲ್ಲೂ ಇಷ್ಟು ಕಡಿತ ಇಲ್ಲ. ಅಮ್ಮನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಅವಳು ಬಡಿಸುವಾಗ ಎರಡನೇ ಸೌಟು ಕೇಳದೆಯೇ ಬೀಳುತ್ತಿತ್ತು.

ಜೂನ್ 1ಕ್ಕೆ ಕಡಲಿನ ಬಾಗಿಲು ಮುಚ್ಚುತ್ತದೆ. ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಮಲ್ಪೆ ಬಂದರಿನಲ್ಲಿ ಒತ್ತಾಗಿ ನಿಂತಿರುತ್ತವೆ. ಅದೇ ಹೊತ್ತಿಗೆ ನೆಲದ ಬಾಗಿಲು ತೆರೆಯುತ್ತದೆ. ಮೊದಲ ಮಳೆ ಬಿದ್ದದ್ದೇ ರಸ್ತೆಯ ಬದಿಯಲ್ಲಿ, ಗದ್ದೆಯ ಹುಣಿಯಲ್ಲಿ ಚಗಟೆ ಸೊಪ್ಪು ಏಳುತ್ತದೆ. ಕೆಸುವಿನೆಲೆ ಅಗಲವಾಗಿ ಪತ್ರೊಡೆಗೆ ಸಿದ್ಧವಾಗುತ್ತದೆ. ಚಗಟೆಗೆ ಹಲಸಿನ ಬೀಜ, ನುಗ್ಗೆ ಸೊಪ್ಪಿಗೆ ಕಾಯಿತುರಿ, ಒಣ ಸಿಗಡಿಗೆ ಚಟ್ನಿ. ತಮಾಷೆ ಎಂದರೆ ನಮ್ಮ ಮನೆಯಲ್ಲಿ ಸೊಪ್ಪಿನ ಸುಗ್ಗಿ ನಡೆಯುವಾಗಲೇ ಅತ್ತ ಉಡುಪಿಯ ಮಠಗಳಲ್ಲಿ ಚಾತುರ್ಮಾಸ್ಯದ ಮೊದಲ ತಿಂಗಳ ಶಾಕವ್ರತ. ಅಲ್ಲಿ ಸೊಪ್ಪು ತರಕಾರಿ ನಿಷಿದ್ಧ. ಸರಕಾರದ ವ್ರತದಿಂದ ನಮಗೆ ಮೀನಿಲ್ಲ, ಶಾಸ್ತ್ರದ ವ್ರತದಿಂದ ಅವರಿಗೆ ಸೊಪ್ಪಿಲ್ಲ. ನಡುವೆ ಮೀನಿಗೂ ಸೊಪ್ಪಿಗೂ ತುಸು ಬಿಡುವು.

ಈಗ ಹಿತ್ತಿಲಲ್ಲಿ ಇಂಟರ್‌ಲಾಕ್ ಹಾಕಿಸಿದ್ದೇವೆ. ಕಾರು ನಿಲ್ಲಿಸಲು ಒಳ್ಳೆಯದು, ಕಾಲಿಗೆ ಕೆಸರು ಹತ್ತುವುದಿಲ್ಲ. ಕ್ಯಾರೆಟ್ ವರ್ಷದ ಹನ್ನೆರಡು ತಿಂಗಳೂ ಫ್ರಿಜ್ಜಿನಲ್ಲಿದೆ, ಬಸಳೆಯನ್ನು ಕಟ್ಟಿನ ಲೆಕ್ಕದಲ್ಲಿ ತರುತ್ತೇವೆ. ಒಳ್ಳೆಯ ಸಿಗಡಿಗೆ ಪರದೇಶದಲ್ಲಿ ಬೆಲೆ ಇರುವುದರಿಂದ ಅದು ಮಂಜುಗಡ್ಡೆಯ ಪೆಟ್ಟಿಗೆ ಹತ್ತುತ್ತದೆ. ಚಗಟೆ, ಪತ್ರೊಡೆಗಳಿಗೆ ‘ಆಟಿಡೊಂಜಿ ದಿನ’ ಎಂಬ ಸಭಾಕಾರ್ಯಕ್ರಮ ಇದೆ. ಬಡತನದಲ್ಲಿ ತಿಂದ ಸೊಪ್ಪನ್ನು ಸಭಾಭವನದ ಮೇಜಿನ ಮೇಲೆ ಚೀಟಿ ಅಂಟಿಸಿ ಇಡುತ್ತಾರೆ. ಅತಿಥಿಗಳು ಅದರ ಔಷಧೀಯ ಗುಣ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನವರು ಪತ್ರೊಡೆ ಮುಗಿಸಿರುತ್ತಾರೆ.

ಇನ್ನು ಮೊಟ್ಟೆ. ಹಿತ್ತಿಲ ಸೊಪ್ಪು ಸದೆ ಕುಕ್ಕಿ ತಿಂದ ಕೋಳಿಯ ಮೊಟ್ಟೆಯ ಭಂಡಾರ ತಾನಾಗಿಯೇ ಕೇಸರಿಯಾಗುತ್ತಿತ್ತು. ಫಾರಂ ಕೋಳಿಗೆ ಆ ಭಾಗ್ಯವಿಲ್ಲದ್ದರಿಂದ ಮೇವಿಗೆ ಬಣ್ಣ ಬೆರೆಸುವ ಕ್ರಮವಿದೆ. ಆ ಬಣ್ಣದ ಒಂದು ಮೂಲ ಚೆಂಡುಹೂವು. ಗುಂಡ್ಲುಪೇಟೆಯ ದಾರಿಯಲ್ಲಿ ಮಳೆಗಾಲಕ್ಕೆ ಎಕರೆಗಟ್ಟಲೆ ಚೆಂಡುಹೂ ಅರಳಿದ್ದು ನೋಡಿ ಜನ ಫೋಟೊ ತೆಗೆಯುತ್ತಾರಲ್ಲ, ಅದರಲ್ಲಿ ಬಹಳಷ್ಟು ಹೋಗುವುದು ಬಣ್ಣ ತೆಗೆಯುವ ಕಾರ್ಖಾನೆಗೆ. ಲ್ಯೂಟಿನ್ ಮಾತ್ರೆಗೂ ಸಾಮಾನ್ಯವಾಗಿ ಮೂಲ ಇದೇ ಹೂವು. ಇದನ್ನು ಓದಿ ತಿಳಿದ ದಿನ ಮನೆಯವಳಿಗೆ ಹೇಳಿದೆ. “ಹಾಗಾದರೆ ಫಾರಂ ಕೋಳಿಗೂ ನಿಮಗೂ ಒಂದೇ ಪಥ್ಯವಾಯಿತು ಮಾರಾಯ್ರೇ. ಅದಾದರೂ ಮೊಟ್ಟೆ ಇಡುತ್ತದೆ” ಎಂದಳು.

ಬಣ್ಣವನ್ನು ಮಾತ್ರೆಯಲ್ಲಿ ನುಂಗಿದರೆ ಸೊಪ್ಪು ತಿಂದ ಫಲ ಸಿಗುತ್ತದೆಯೇ ಎಂದು ಫಿನ್‌ಲೆಂಡಿನವರು ನೋಡಿದ್ದಾರೆ. 29,133 ಮಂದಿ ಧೂಮಪಾನಿ ಗಂಡಸರನ್ನು ಸೇರಿಸಿಕೊಂಡು, ಅವರಲ್ಲಿ ಕೆಲವರಿಗೆ ವರ್ಷಗಟ್ಟಲೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ ಅದನ್ನು ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚೇ ಇತ್ತು. ಸೊಪ್ಪು, ಹಣ್ಣು ಹೆಚ್ಚು ತಿನ್ನುವವರಿಗೆ ಆ ಕಾಯಿಲೆ ಕಡಿಮೆ ಎಂದು ಕಂಡು ಹೊರಟವರು, ಸೊಪ್ಪನ್ನು ಬಿಟ್ಟು ಅದರ ಬಣ್ಣವನ್ನು ಮಾತ್ರ ಹೊತ್ತು ಹೋಗಿದ್ದರು.

ನಾವು ಸೊಪ್ಪು ಬಿಟ್ಟದ್ದಕ್ಕೆ ಎಲ್ಲರೂ ಮಣ್ಣನ್ನು, ಪೇಟೆಯನ್ನು, ಈಗಿನ ಮಕ್ಕಳ ನಾಲಗೆಯನ್ನು ದೂರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಚಗಟೆ ಈಗಲೂ ರಸ್ತೆಬದಿಯಲ್ಲಿ ಏಳುತ್ತದೆ, ಪುಕ್ಕಟೆ. ಇಲ್ಲದಾದದ್ದು ಮಧ್ಯಾಹ್ನ. ಊಟವಾದ ಮೇಲೆ ಅಮ್ಮ, ದೊಡ್ಡಮ್ಮ, ಆಚೆಮನೆಯ ಅಕ್ಕ ಜಗಲಿಯಲ್ಲಿ ಕಾಲು ನೀಡಿ ಕೂತು ಗೆರಸೆಯ ತುಂಬ ನುಗ್ಗೆ ಸೊಪ್ಪು ಸುರಿದುಕೊಳ್ಳುತ್ತಿದ್ದರು. ಕಡ್ಡಿ ಹಿಡಿದು ಎಳೆದರೆ ಎಲೆ ಉದುರಬೇಕು, ಹಣ್ಣೆಲೆ ಬೇರೆಯಾಗಬೇಕು, ಹುಳ ಇದ್ದರೆ ಕಾಣಬೇಕು. ಎರಡು ತಾಸು ಸೋಸಿ ಬೇಯಿಸಿದರೆ ಒಂದು ಹಿಡಿ ಪಲ್ಯ. ಆ ಎರಡು ತಾಸಿಗೆ ಯಾರೂ ಸಂಬಳ ಕೊಡಲಿಲ್ಲ, ಯಾವ ಪುಸ್ತಕವೂ ಅದನ್ನು ನೂರು ಗ್ರಾಂ ಸೊಪ್ಪಿನ ಸಾರಾಂಶದಲ್ಲಿ ಸೇರಿಸಲಿಲ್ಲ. ಆ ಜಗಲಿಯ ಹೆಣ್ಣುಮಕ್ಕಳು ಇಂದು ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಮಣಿಪಾಲದ ಆಸ್ಪತ್ರೆಯಲ್ಲಿ ಇದ್ದಾರೆ. ಅವರನ್ನು ಗೆರಸೆಯ ಮುಂದೆ ವಾಪಸು ಕೂರಿಸಬೇಕೆನ್ನುವ ಆಸೆ ಬಂದರೆ ಅದು ನೆನಪಲ್ಲ, ಸೋಮಾರಿತನ.

ಆದ್ದರಿಂದ ಡಾಕ್ಟರುಗಳಲ್ಲಿ ಒಂದು ವಿನಂತಿ: ಚೀಟಿಯಲ್ಲಿ ‘ಸೊಪ್ಪು, ವಾರಕ್ಕೆ ಮೂರು ಸಲ’ ಎಂದು ಬರೆಯುವಾಗ ಸೋಸುವವರ ಹೆಸರನ್ನೂ ಬರೆಯಿರಿ. ನಮ್ಮ ಮನೆಯ ಮಟ್ಟಿಗೆ ಆ ಜಾಗ ಮನೆಯವಳೇ ತುಂಬಿಸಿದ್ದಾಳೆ. ನಿವೃತ್ತಿಯ ನಂತರ ಏನು ಮಾಡುತ್ತೀರಿ ಎಂದು ಕೇಳುವವರಿಗೆ ಈಗ ನನ್ನಲ್ಲಿ ಉತ್ತರ ಉಂಟು, ಕೂರಲು ಜಗಲಿ ಉಂಟು. ಹಣ್ಣೆಲೆ ಉಳಿಸಿದ್ದಕ್ಕೆ ಬೈಗುಳವೂ ಉಂಟು.